ಬಟನ್ ಬಂದ್ ಮಾಡಿದ ಮೇಲೂ ಹೊಡೆದ ಕರೆಂಟು

ನಮ್ಮ ಮನೆಯಲ್ಲಿ ದೀಪ ಹಚ್ಚುವ ಕೈ ಬೇರೆ, ದೀಪ ಆರಿಸುವ ಕೈ ಬೇರೆ ಇತ್ತು. ಸಂಜೆ ಬಟನ್ ಒತ್ತಿ ಬಲ್ಬಿಗೆ ಕೈಮುಗಿಯುವವಳು ವೈನಿ, ಅಂದರೆ ನನ್ನ ಅಣ್ಣನ ಹೆಂಡತಿ. ರಾತ್ರಿ ಅದೇ ಬಟನ್ ಬಂದ್ ಮಾಡುವವಳು ನನ್ನ ಅಕ್ಕ. ಬಲ್ಬು ಸುಟ್ಟರೆ ಬಿಚ್ಚುವವಳೂ ಅಕ್ಕನೇ. ಮುತ್ತೈದೆಯರು, ಮದುವೆಯಾಗಬೇಕಾದ ನನ್ನಂಥವರು ದೀಪ ಆರಿಸಬಾರದು, ಇಳಿಸಬಾರದು ಎನ್ನುವುದು ನಮ್ಮ ಅವ್ವನ ಕಾನೂನು. ಊರಿನಲ್ಲಿ ಎಣ್ಣೆ ದೀಪಕ್ಕೆ ಇದ್ದ ನೇಮವನ್ನು ಅವಳು ವಿಜಾಪುರದಿಂದ ಗಂಟು ಕಟ್ಟಿಕೊಂಡು ಮುಂಬಯಿಯ ಕುರ್ಲಾಕ್ಕೆ ತಂದು ಕರೆಂಟಿನ ಬಲ್ಬಿಗೂ ಹೊರಿಸಿದ್ದಳು. ಅಕ್ಕನ ಗಂಡ ತೀರಿಕೊಂಡಿದ್ದ. ಹಾಗಾಗಿ ಅಕ್ಕ ಎಷ್ಟು ದೀಪ ಆರಿಸಿದರೂ ಇನ್ನು ಹೋಗುವಂಥದ್ದು ಏನೂ ಉಳಿದಿಲ್ಲ ಎಂಬ ಲೆಕ್ಕ. ಇದನ್ನು ಬರೆಯುವಾಗ ಈಗಲೂ ನನಗೆ ಸಿಟ್ಟು ನೆತ್ತಿಗೇರುತ್ತದೆ.

ಎಪ್ಪತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕುರ್ಲಾ ಸ್ಟೇಶನ್ನಿನ ಹಿಂದೆ ಸಾಲುಮನೆಗಳ ಒಂದು ಚಾಳಿನ ಮೊದಲ ಮಜಲಿನಲ್ಲಿ ನಮ್ಮದು ಒಂದೇ ಕೋಣೆಯ ಖೋಲಿ. ಅಪ್ಪ ದಹಿಸರಿನ ಕಡೆ ಬಿಲ್ಡಿಂಗ್ ಕಟ್ಟುವ ಆಳುಗಳ ಮೇಲೆ ಮುಕಾದಮನಾಗಿದ್ದ. ಅಲ್ಲೇ ಶೆಡ್ಡಿನಲ್ಲಿ ಉಳಿದು, ಅಮಾವಾಸ್ಯೆಗೆ ಕೆಲಸ ಬಂದ್ ಆದಾಗ ಮಾತ್ರ ಮನೆಗೆ ಬರುತ್ತಿದ್ದ. ಅಕ್ಕನಿಗಿಂತಲೂ ದೊಡ್ಡವನಾದ ಅಣ್ಣ ಒಂದು ಲಾರಿ ಆಫೀಸಿನಲ್ಲಿ ಕಾರಕೂನ. ನಾನು ದಿನಾ ಲೋಕಲ್ ಹಿಡಿದು ವಿಕ್ರೋಳಿಗೆ ಹೋಗಿ ಒಂದು ಫ್ಯಾಕ್ಟರಿಯಲ್ಲಿ ಸ್ವಿಚ್ಚುಗಳ ಒಳಗೆ ಹಿತ್ತಾಳೆಯ ಪಟ್ಟಿ ಕೂರಿಸುತ್ತಿದ್ದೆ. ಅಕ್ಕ ಮನೆಯಲ್ಲಿರುತ್ತಿದ್ದಳು.

ಮದುವೆಯಾದ ಎರಡನೇ ವರ್ಷಕ್ಕೆ ಅಕ್ಕನ ಗಂಡ ಕಾಮಾಲೆಯಿಂದ ಸತ್ತ. ಕಾಮಾಲೆಗೆ ಊರಿನವರು ಕೊಟ್ಟ ಹೆಸರು ಅಕ್ಕನ ಕಾಲ್ಗುಣ. ಅತ್ತೆಮನೆಯವರು ಅವಳನ್ನು ದನ ಕಟ್ಟುವ ಜಾಗದಲ್ಲಿ ಮಲಗಿಸುತ್ತಿದ್ದರು, ಎಲ್ಲರ ಊಟವಾದ ಮೇಲೆ ತಳ ಹಿಡಿದದ್ದನ್ನು ಹಾಕುತ್ತಿದ್ದರು. ಅಪ್ಪ ಒಮ್ಮೆ ನೋಡಲು ಹೋದವನು ನೋಡಲಾಗದೆ ಅವಳನ್ನು ಕರೆದುಕೊಂಡೇ ಬಂದುಬಿಟ್ಟ. ಮುಂಬಯಿಗೆ ಬಂದ ಮೇಲೆ ಅಕ್ಕನ ಮೈಮೇಲೆ ಒಂದಿಷ್ಟು ಮಾಂಸ ಬಂತು. ಖೋಲಿಗಳ ಮುಂದಿನ ಗ್ಯಾಲರಿಯಲ್ಲಿ ನಿಂತು ಲೋಕಲ್ ಗಾಡಿ ನೋಡುವುದೆಂದರೆ ಅವಳಿಗೆ ಬಲು ಇಷ್ಟ. ಒಳಗೆ ರೊಟ್ಟಿ ಬಡಿಯುತ್ತಿದ್ದರೂ ಸದ್ದು ಕೇಳಿಯೇ ಇದು ಫಾಸ್ಟು, ಇದು ಸ್ಲೋ ಎಂದು ಹೇಳುತ್ತಿದ್ದಳು, ಮತ್ತು ತಪ್ಪುತ್ತಿರಲಿಲ್ಲ.

ಆ ಹೊತ್ತಿಗೆ ವೈನಿ ಬಸುರಿಯಾದಳು. ತವರಿನಲ್ಲಿ ನೋಡುವವರಿಲ್ಲದ್ದರಿಂದ ಹೆರಿಗೆಯೂ ನಮ್ಮಲ್ಲೇ ಎಂದಾಯಿತು. ಏಳನೇ ತಿಂಗಳಿಗೆ ಕುಬಸ, ಅಂದರೆ ಸೀಮಂತ, ಮಾಡಬೇಕೆಂದು ಮಾತಾಯಿತು. ಕುಬಸದ ಮಾತಿನ ಹಿಂದೆಯೇ ಅವ್ವನ ಇನ್ನೊಂದು ಮಾತೂ ಶುರುವಾಯಿತು. ಬಾಣಂತಿ ಕೋಣೆಯ ಹತ್ತಿರ ಇಂಥವಳು ಇರಬಾರದು, ಕೂಸಿಗೆ ತೊಟ್ಟಿಲು ಹಾಕುವ ತನಕ ಅತ್ತೆಮನೆಗೆ ಕಳಿಸಿಬಿಡೋಣ ಎಂದು. ಬಾಣಂತಿ ಕೋಣೆ ಅಂತೆ! ಇದ್ದದ್ದೇ ಒಂದು ಖೋಲಿ, ಅದರಲ್ಲೊಂದು ಮೂಲೆಗೆ ಸೀರೆ ಕಟ್ಟಿದರೆ ಅದೇ ಕೋಣೆ. ಒಮ್ಮೆ ಕಳಿಸಿದರೆ ಅವರು ಪುಕ್ಕಟೆ ಆಳನ್ನು ಮತ್ತೆ ಬಿಡುವುದಿಲ್ಲ ಎಂದು ಅವ್ವನಿಗೂ ಗೊತ್ತಿತ್ತು, ಅಣ್ಣನಿಗೂ ಗೊತ್ತಿತ್ತು. ಅಕ್ಕ ಅಕ್ಕಿ ಆರಿಸುತ್ತ ಕೂತಾಗ ನನಗೊಬ್ಬಳಿಗೇ ಹೇಳಿದಳು: "ಅಲ್ಲಿ ಮಾತ್ರ ಬ್ಯಾಡ ತಂಗಿ. ಇಲ್ಲಿ ಬಚ್ಚಲ ಮೋರಿ ಕಟ್ಟಿ ಮ್ಯಾಲ ಮಲಗಂದ್ರೂ ಮಲಗ್ತೀನಿ."

ಕುಬಸಕ್ಕೆ ಮನೆ ಬೆಳ್ಳಗೆ ಬೆಳಗಬೇಕೆಂದು ಅಣ್ಣ ಕರೆಂಟಿನ ಸಾಮಾನು ಮಾರುವ ಲೋಹಾರ್ ಚಾಳಿಗೆ ಹೋಗಿ ಹಾಲುಬಣ್ಣದ ಗಾಜಿನ ಒಂದು ಗುಂಡು ದೀಪ ತಂದ. ಮೊದಲು ನಮ್ಮ ತಲೆಯ ಮೇಲೆ ಇದ್ದದ್ದು ತಗಡಿನ ಟೊಪ್ಪಿಗೆಯ ಬಲ್ಬು, ಸ್ಟೋವಿನ ಹೊಗೆ ತಿಂದು ಕರ್ರಗಾಗಿತ್ತು. ಅದನ್ನು ಇಳಿಸಿ ಇದನ್ನು ಏರಿಸಬೇಕು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಮುಹೂರ್ತ. ಇಳಿಸುವುದು ಎಂದ ಮೇಲೆ ಯಾರು ಏರಬೇಕೆಂದು ಕೇಳುವ ಪ್ರಶ್ನೆಯೇ ಇರಲಿಲ್ಲ. ಗಂಡಸು ಅಂತ ಮನೆಯಲ್ಲಿ ಒಬ್ಬ ಇದ್ದನಲ್ಲ ಎನ್ನುತ್ತೀರಾ? ಇದ್ದ. ಕೆಳಗೆ ನಿಂತು ಟ್ರಂಕು ಹಿಡಿದುಕೊಂಡಿದ್ದ.

ಚಾಳಿನ ಮೇನ್ ಬೋರ್ಡು ಕೆಳಗೆ ಮೆಟ್ಟಿಲಿನ ಅಡಿಯಲ್ಲಿತ್ತು. ನಮ್ಮ ಸಾಲಿನ ಅಷ್ಟೂ ಖೋಲಿಗಳಿಗೆ ಒಂದೇ ಫ್ಯೂಸು. ಅದನ್ನು ಕಿತ್ತರೆ ಎಲ್ಲರ ಮನೆಯ ಫ್ಯಾನು, ರೇಡಿಯೋ ಸತ್ತುಹೋಗುತ್ತಿದ್ದವು, ಮತ್ತು ಆ ಹೊತ್ತಿಗೆ ಟೆಸ್ಟ್ ಮ್ಯಾಚಿನ ಕಾಮೆಂಟ್ರಿ ನಡೆದಿತ್ತು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಮನುಷ್ಯ ನಮ್ಮಣ್ಣ. ನೆರೆಯವರ ಬಾಯಿಗೆ ಯಾಕೆ ಬೀಳಬೇಕು, ಮನೆಯ ಬಟನ್ ಬಂದ್ ಮಾಡಿದರೆ ಸಾಕಲ್ಲ ಎಂದ. ನಾನು ಅಲ್ಲಿದ್ದಿದ್ದರೆ ಬಿಡುತ್ತಿರಲಿಲ್ಲ. ಎಲೆ ಅಡಿಕೆ, ತೆಂಗಿನಕಾಯಿ ತರಲೆಂದು ನನ್ನನ್ನು ಬಜಾರಿಗೆ ಓಡಿಸಿದ್ದರು.

ಚೀಲ ಹಿಡಿದು ಮೆಟ್ಟಿಲು ಹತ್ತುತ್ತಿದ್ದಾಗ ಧಡ್ ಎಂದು ಸದ್ದಾಯಿತು. ಒಳಗೆ ಬಂದು ನೋಡಿದರೆ ಅಕ್ಕ ನೆಲದ ಮೇಲೆ ಬಿದ್ದಿದ್ದಾಳೆ. ಒಂದರ ಮೇಲೊಂದು ಇಟ್ಟ ಕಬ್ಬಿಣದ ಟ್ರಂಕು, ಆಗಷ್ಟೇ ಒರೆಸಿದ ಹಸಿ ನೆಲ, ಬರಿಗಾಲು. ಬಲಗೈ ಮುಷ್ಟಿ ಬಿಗಿದದ್ದು ಬಿಡಿಸಲು ಬಾರದು, ಮೊಣಕೈ ಒಡೆದು ರಕ್ತ, ತುಟಿಯಲ್ಲಿ ಬಣ್ಣವೇ ಇಲ್ಲ. ಮೇಲೆ ಅರ್ಧ ಬಿಚ್ಚಿದ ವೈರು ತೂಗುತ್ತಿತ್ತು. ಅವ್ವ ಎರಡೂ ಕೈ ಅಗಲಿಸಿ ವೈನಿಯನ್ನು ಗೋಡೆಗೆ ಒತ್ತಿ ನಿಂತಿದ್ದಳು. ಬಿದ್ದವಳ ಹತ್ತಿರ ಯಾರೂ ಇರಲಿಲ್ಲ.

"ಬಟನ್ ಬಂದ್ ಇತ್ತಲ್ಲ!" ಎಂದ ಅಣ್ಣ. ತಂಗಿ ಬದುಕಿದ್ದಾಳೋ ಇಲ್ಲವೋ ನೋಡುವ ಮೊದಲು ಅವನ ಬಾಯಿಂದ ಬಂದ ಮಾತು ಅದು.

ಅವ್ವ ಹೋಗಿ ಬಟನ್ ನೋಡಿ ಬಂದಳು. ಬಂದ್ ಇತ್ತು. ಆಮೇಲೆ ಅವಳು ಆಡಿದ ಮಾತು ನನಗೆ ಒಂದಕ್ಷರ ಮರೆತಿಲ್ಲ. "ಬಟನ್ ಬಂದ್ ಇದ್ರೂ ಕರೆಂಟ ಹುಡುಕ್ಕೊಂಡು ಬಂದು ಹೊಡೀತೈತಿ ಅಂದ್ರ ಇನ್ನೇನ್ ಹೇಳೂದು? ಅಲ್ಲಿ ಗಂಡನ್ನ ತಿಂದ್ಲು. ಇಲ್ಲಿ ಬಸರಿ ಹೆಂಗಸು ಅದಾಳ ಮನ್ಯಾಗ. ನಾಳೆನಽ ಟಿಕೀಟ ತಗಿ."

ಅಣ್ಣ ಹೂಂ ಎಂದ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ಕಥೆಯಲ್ಲಿ ಕೇಳಿದ್ದೆ. ನಮ್ಮ ಮನೆಯಲ್ಲೇ ಒಬ್ಬ ಇದ್ದ.

ನಾನು ಅಕ್ಕನನ್ನು ಎಬ್ಬಿಸಿ ಗೋಡೆಗೆ ಒರಗಿಸಿ ಕೂರಿಸಿದೆ, ಸಕ್ಕರೆ ನೀರು ಕುಡಿಸಿದೆ, ಅಂಗೈ ತಿಕ್ಕಿದೆ. ಬೆರಳುಗಳು ಒಂದೊಂದಾಗಿ ಬಿಚ್ಚಿಕೊಂಡವು. ಬೆರಳ ತುದಿಯಲ್ಲಿ ಸುಟ್ಟ ಗುರುತು. ಅಕ್ಕ ಆ ಗುರುತನ್ನೇ ನೋಡುತ್ತ ಮೆಲ್ಲಗೆ ಕೇಳಿದಳು: "ನಾನಽ ಕೈಯಾರೆ ಬಟನ್ ಬಂದ್ ಮಾಡಿದ್ದೆ ತಂಗಿ. ಖರೇನಽ ನನ್ನ ಕಾಲ್ಗುಣಾ ಇರಬಹುದೇನು?"

ಅವ್ವನ ಮಾತಿಗೆ ಬಂದದ್ದಕ್ಕಿಂತ ಹೆಚ್ಚು ಸಿಟ್ಟು ನನಗೆ ಆ ಪ್ರಶ್ನೆಗೆ ಬಂತು. ಇಡೀ ದಿನ ಸ್ವಿಚ್ಚಿನ ಹೊಟ್ಟೆಯೊಳಗೆ ಕೈಯಿಟ್ಟು ಬದುಕುವವಳು ನಾನು. ಬಟನ್ ಬಂದ್ ಇದ್ದರೂ ಕರೆಂಟು ಬರುತ್ತದೆಂದರೆ ಅದಕ್ಕೆ ಕಾರಣ ಒಂದೇ. ದೀಪಕ್ಕೆ ಹೋಗುವುದು ಎರಡು ವೈರು. ಒಂದರಲ್ಲಿ ಕರೆಂಟು ಬರುತ್ತದೆ, ಇನ್ನೊಂದರಲ್ಲಿ ವಾಪಸ್ ಹೋಗುತ್ತದೆ. ಬಟನ್ನು ಬರುವ ವೈರನ್ನು ಕತ್ತರಿಸಬೇಕು. ಹೋಗುವ ವೈರಿಗೆ ಬಟನ್ ಕೂರಿಸಿದರೂ ದೀಪ ಹತ್ತುತ್ತದೆ, ಆರುತ್ತದೆ. ನೋಡಿದವರಿಗೆ ಏನೂ ತಿಳಿಯುವುದಿಲ್ಲ. ಆದರೆ ದೀಪ ಆರಿದಾಗಲೂ ಮೇಲೆ ಹೋಲ್ಡರಿನ ತನಕ ಕರೆಂಟು ಬಂದು ಕಾಯುತ್ತ ಕೂತಿರುತ್ತದೆ. ನಮ್ಮ ಚಾಳಿನ ಮಾಲೀಕ ಕಳಿಸಿದ ವೈರಮನ್ನು ಇದನ್ನೇ ಮಾಡಿ ಹೋಗಿದ್ದ. ಫ್ಯಾಕ್ಟರಿಯಲ್ಲಾದರೆ ಕರೆಂಟಿನದು ಕೆಂಪು ವೈರು, ವಾಪಸ್ಸಿನದು ಕಪ್ಪು ಎಂದು ಗುರುತಿರುತ್ತದೆ. ನಮ್ಮ ಖೋಲಿಯಲ್ಲಿ ಎರಡಕ್ಕೂ ಒಂದೇ ಕಪ್ಪು ಬಟ್ಟೆಯ ಹೊದಿಕೆ, ಅದರ ಮೇಲೆ ವರ್ಷ ವರ್ಷವೂ ಗೋಡೆಯ ಜೊತೆ ಬಳಿದ ಸುಣ್ಣ. ಯಾವುದು ಯಾವುದೆಂದು ಹೇಳಲು ದೇವರೇ ಇಳಿದು ಬರಬೇಕಿತ್ತು.

ದೇವರು ಬರುವುದು ಬೇಡ, ನನ್ನ ಡಬ್ಬಿಯ ಚೀಲದಲ್ಲಿ ಟೆಸ್ಟರ್ ಇತ್ತು. ಟೆಸ್ಟರ್ ಅಂದರೆ ಹಿಡಿಕೆಯೊಳಗೆ ಅಕ್ಕಿಕಾಳಿನಷ್ಟು ಚಿಕ್ಕ ದೀಪ ಇರುವ ಸ್ಕ್ರೂಡ್ರೈವರ್. ತುದಿಯನ್ನು ವೈರಿಗೆ ಮುಟ್ಟಿಸಿ ಹಿಂದೆ ಬೆರಳಿಟ್ಟರೆ, ಕರೆಂಟು ಇದ್ದಲ್ಲಿ ಆ ದೀಪ ಕೆಂಪಗೆ ಹತ್ತುತ್ತದೆ. ನಾನು ಟ್ರಂಕಿನ ಮೇಲೆ ಕಟ್ಟಿಗೆಯ ಮಣೆ ಹಾಕಿ ಹತ್ತಿದೆ. ಒಂದು ವೈರಿಗೆ ಮುಟ್ಟಿಸಿದೆ, ಹತ್ತಲಿಲ್ಲ. ಇನ್ನೊಂದಕ್ಕೆ ಮುಟ್ಟಿಸಿದೆ, ಹತ್ತಿತು.

"ನೋಡು ಅವ್ವಾ, ಬಟನ್ ಬಂದ್ ಐತಿ. ಆದ್ರೂ ಇಲ್ಲಿ ಕರೆಂಟ ಐತಿ. ತಪ್ಪು ವೈರಿಂದು."

ಅವ್ವ ನೋಡಿದಳು. ನೋಡಿ ಏನಂದಳು ಗೊತ್ತೇ? "ನೀ ಆಕಿನ್ನ ಮುಟ್ಟಿ ಬಂದೀದಿ. ನಿನ್ನ ಕೈಯಾಗ ಹತ್ತಲಾರದ ಏನ್ ಮಾಡೀತು?"

ಗೋಡೆಗೆ ತಲೆ ಚಚ್ಚಿಕೊಳ್ಳಬೇಕು ಅನ್ನಿಸಿತು. ಕಂಡದ್ದು ಕಣ್ಣೆದುರಿಗಿದ್ದರೂ ಅದು ಸುಳ್ಳು, ಕಾಣದ ಕಾಲ್ಗುಣ ಮಾತ್ರ ಖರೆ. ನಾನು ಟೆಸ್ಟರನ್ನು ಅಣ್ಣನ ಮುಂದೆ ಚಾಚಿದೆ. ನೀನು ಹತ್ತು, ನೀನು ಯಾರನ್ನೂ ಮುಟ್ಟಿಲ್ಲ, ನಿನ್ನ ಹೆಂಡತಿಯ ಕುಂಕುಮ ಗಟ್ಟಿಯಾಗಿದೆ, ನಿನ್ನ ಕೈಯಲ್ಲಿ ಏನಾಗುತ್ತದೋ ನೋಡೋಣ ಎಂದು ಕೂಗಿದೆ. ಅಣ್ಣ ಹಿಂದೆ ಸರಿದ. ಬೇಡ ಬಿಡು, ವೈರಮನ್ ಬಂದು ನೋಡಲಿ ಎಂದ. ಅಕ್ಕನನ್ನು ಬಟನ್ನಿನ ಭರವಸೆಯ ಮೇಲೆ ಹತ್ತಿಸಿದ ಶೂರನಿಗೆ ಈಗ ಅದೇ ಬಟನ್ನಿನ ಮೇಲೆ ಭರವಸೆ ಇರಲಿಲ್ಲ.

ಇಷ್ಟರಲ್ಲಿ ಗದ್ದಲ ಕೇಳಿ ಗ್ಯಾಲರಿಯಲ್ಲಿ ಜನ ಸೇರಿದ್ದರು. ಪಕ್ಕದ ಖೋಲಿಯ ಚಾಚಾ ಬಾಗಿಲಲ್ಲಿ ನಿಂತಿದ್ದರು. ಕಲಬುರ್ಗಿ ಕಡೆಯ ಮುಸಲ್ಮಾನರು, ಹೊಲಿಗೆ ಕೆಲಸ, ಕೊರಳಲ್ಲಿ ಅಳತೆ ಪಟ್ಟಿ ಹಾಕಿಕೊಂಡೇ ಬಂದಿದ್ದರು. ಅವರು ಅಣ್ಣನನ್ನು ಮೇಲಿಂದ ಕೆಳಗೆ ನೋಡಿ, "ಹತ್ತಿ ನೋಡಪಾ ಬೇಟಾ. ನಿಂದಂತೂ ಕಾಲ್ಗುಣ ಚಲೋನಽ ಐತಿ ಅಲ್ಲಾ, ಡರತಾ ಕಾಯ್ಕೂ, ಅಂಜಿಕಿ ಯಾಕ?" ಎಂದರು.

ಗ್ಯಾಲರಿಯಲ್ಲಿ ಯಾರೋ ಕಿಸಕ್ಕೆಂದರು. ಆ ನಗೆಗೆ ಅಣ್ಣ ಹತ್ತಿದ. ತಂಗಿಯ ಮೇಲಿನ ಮಾಯೆ-ಮಮತೆಗೆ ಹತ್ತಿದ ಎಂದು ಬರೆದರೆ ನನ್ನ ಕೈ ಸೇದಿಹೋದೀತು. ಟೆಸ್ಟರ್ ಹಿಡಿದು, ಮುಖ ಆ ಕಡೆ ತಿರುಗಿಸಿ, ನಾನು ತೋರಿಸಿದ ವೈರಿಗೆ ಮುಟ್ಟಿಸಿದ. ಕೆಂಪಗೆ ಹತ್ತಿತು. ನಾನು ಕೆಳಗಿನಿಂದ ಬಟನ್ ಚಾಲೂ ಮಾಡಿದೆ, ಬಂದ್ ಮಾಡಿದೆ, ಮತ್ತೆ ಚಾಲೂ ಮಾಡಿದೆ, ಮತ್ತೆ ಬಂದ್ ಮಾಡಿದೆ. ಅದು ಆರಲೇ ಇಲ್ಲ. ಅವ್ವ ಎರಡು ಹೆಜ್ಜೆ ಮುಂದೆ ಬಂದು ಕತ್ತೆತ್ತಿ ಮಗನ ಕೈಯನ್ನೇ ನೋಡಿದಳು. ಆ ಕೈಯ ಬಗ್ಗೆ ಅವಳಿಗೆ ಯಾವ ಸಂಶಯವೂ ಇರಲಿಲ್ಲ. ಚಾಳೆಲ್ಲ ನೋಡಿತು.

"ಹಂಗಾರ ಆ ವೈರಮನ್ನಿನ ಕೈ ಮುರೀಲಿ," ಎಂದಳು ಅವ್ವ. ಅಷ್ಟೇ. ಅಕ್ಕನ ಕಡೆ ತಿರುಗಿಯೂ ನೋಡಲಿಲ್ಲ. ಒಂದು ಗಳಿಗೆಯ ಹಿಂದೆ ಗಂಡನ್ನ ತಿಂದವಳು ಎಂದ ಬಾಯಿ, ಬಯ್ಗಳವನ್ನು ಆ ಹೆಗಲಿನಿಂದ ಎತ್ತಿ ಈ ಹೆಗಲಿಗೆ ಹಾಕಿ ಹಗುರಾಯಿತು.

ನಾನು ಕೆಳಗೆ ಹೋಗಿ ಫ್ಯೂಸ್ ಕಿತ್ತುಕೊಂಡು ಬಂದೆ. ಸಾಲಿನ ರೇಡಿಯೋಗಳೆಲ್ಲ ಒಟ್ಟಿಗೆ ಬಾಯಿ ಮುಚ್ಚಿದವು. ವಿಕೆಟ್ ಬೀಳುವ ಹೊತ್ತಿತ್ತೋ ಏನೋ, ಮರಾಠಿಯಲ್ಲಿ, ಹಿಂದಿಯಲ್ಲಿ, ನಮ್ಮ ಭಾಷೆಯಲ್ಲಿ ಸಾಕಷ್ಟು ಉಗಿಸಿಕೊಂಡೆ. ಫ್ಯೂಸನ್ನು ನಡುವಿಗೆ ಸಿಕ್ಕಿಸಿ ಸೆರಗು ಬಿಗಿದು ಕಟ್ಟಿದೆ. ಯಾರಿಗಾದರೂ ಬೇಕಾದರೆ ನನ್ನ ಮೈಮೇಲಿಂದ ತೆಗೆದುಕೊಳ್ಳಲಿ ಎಂದ ಮೇಲೆ ಗಂಡಸರು ತಂತಮ್ಮ ಖೋಲಿಗೆ ಹಿಂದಿರುಗಿದರು.

ಆದರೆ ಕಿತ್ತ ಮೇಲೆ ನೆನಪಾಯಿತು. ಕರೆಂಟು ಹೋದ ಮೇಲೆ ಟೆಸ್ಟರ್ ಏನನ್ನೂ ಹೇಳುವುದಿಲ್ಲ, ಮತ್ತು ಬಿಚ್ಚಿದ ವೈರುಗಳು ಒಂದಕ್ಕೊಂದು ಬೆರೆತರೆ ಮೊದಲಿನ ಕಥೆಯೇ. ಯಾವುದು ಕೆಂಪಗೆ ಹತ್ತಿದ ವೈರೆಂದು ನೆನಪಿರುವಾಗಲೇ ಗುರುತು ಹಾಕಬೇಕಿತ್ತು. ಮನೆಯಲ್ಲಿ ಕೆಂಪು ಬಣ್ಣ ಏನಿದೆ? ಅಕ್ಕ ಕೂತಲ್ಲಿಂದಲೇ ಎಡಗೈ ಚಾಚಿ, ಕನ್ನಡಿಯ ಹಲಗೆಯ ಮೇಲಿದ್ದ ವೈನಿಯ ಬಾಟಲಿ ಎತ್ತಿಕೊಂಡಳು. ಕಡ್ಡಿ ಅದ್ದಿ ಹಣೆಗೆ ಇಟ್ಟುಕೊಳ್ಳುವ ತೆಳ್ಳನೆಯ ಕುಂಕುಮ, ಆಗ ಎಲ್ಲರ ಮನೆಯಲ್ಲೂ ಇರುತ್ತಿತ್ತು. ಒಣಗಿದರೆ ಬೇಗ ಹೋಗುವುದಿಲ್ಲ. ಬುದ್ಧಿ ಓಡಿದ್ದು ಅವಳಿಗೇ.

"ಇಡು ಅದನ್ನ! ಮುಟ್ಟಬ್ಯಾಡ!" ಎಂದು ಅವ್ವ ಕಿರುಚಿದ ಕಿರುಚಾಟಕ್ಕೆ ಅಕ್ಕನ ಕೈಯಿಂದ ಬಾಟಲಿ ಜಾರುವುದರಲ್ಲಿತ್ತು. ಅಕ್ಕ ಕರೆಂಟು ಹೊಡೆದು ಬಿದ್ದಾಗ ನನ್ನವ್ವ ಅಷ್ಟು ಜೋರಾಗಿ ಕಿರುಚಿರಲಿಲ್ಲ. ನಾನು ಬಾಟಲಿ ಕಸಿದುಕೊಂಡು ಹತ್ತಿ, ಕರೆಂಟಿನ ವೈರಿಗೆ ಉದ್ದಕ್ಕೂ ಕುಂಕುಮ ಬಳಿದೆ. ಗೋಡೆಯ ಬೋರ್ಡು ಬಿಚ್ಚಿ, ಜಾಡು ಹಿಡಿದು, ಅಲ್ಲಿಗೆ ಬಂದ ಅದೇ ವೈರಿಗೂ ಬಳಿದೆ. ಆ ದಿನ ನಮ್ಮ ಮನೆಯಲ್ಲಿ ವೈರಿಗೆ ಕುಂಕುಮ ಸಿಕ್ಕಿತು, ಅಕ್ಕನಿಗೆ ಬಾಟಲಿ ಹಿಡಿಯಲಿಕ್ಕೂ ಸಿಗಲಿಲ್ಲ.

ಬೋರ್ಡಿನೊಳಗೆ ಎರಡು ವೈರುಗಳ ಜಾಗ ಅದಲುಬದಲು ಮಾಡಿದೆ. ಇನ್ನು ಮುಂದೆ ಬಟನ್ನು ಕತ್ತರಿಸುವುದು ಬರುವ ಕರೆಂಟನ್ನೇ. ಗಾಜಿನ ಗುಂಡು ಏರಿಸುವುದು ಉಳಿಯಿತು. ನಾನೇ ಹತ್ತುತ್ತೇನೆ ಎಂದರೆ ಅಕ್ಕ ಕೇಳಲಿಲ್ಲ. "ನಾನಽ ಇಳಿಸಿದ್ದು, ನಾನಽ ಏರಸ್ತೀನಿ. ನನ್ನ ಕೈಯಾಗ ಒಮ್ಮೆ ಸರಿ ಆಗಲಿ," ಎಂದಳು. ಊದಿದ ಬಲಗೈಯಿಂದ ಗುಂಡು ಹಿಡಿದು, ಎಡಗೈಯಿಂದ ಸ್ಕ್ರೂ ತಿರುಗಿಸುತ್ತ, ಹಲ್ಲು ಕಚ್ಚಿ ಮುಗಿಸಿದಳು. ನಾನು ಫ್ಯೂಸನ್ನು ನಡುವಿನಿಂದ ಬಿಚ್ಚದೆ ಕೆಳಗೆ ನಿಂತಿದ್ದೆ.

ಫ್ಯೂಸ್ ಹಾಕಿ ಬಂದೆ. ಹೊಸ ದೀಪವನ್ನು ಮುತ್ತೈದೆ ಹಚ್ಚಲಿ ಎಂದಳು ಅವ್ವ. ಇಷ್ಟೆಲ್ಲ ಆದ ಮೇಲೂ! ವೈನಿ ಬಟನ್ನಿನ ತನಕ ಹೋದವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತುಬಿಟ್ಟಳು. "ನನಗ ಅಂಜಿಕಿ ಬರತೈತ್ರಿ ಅತ್ತೀ. ಅವರಽ ಹಚ್ಚಲಿ," ಎಂದು ಅಕ್ಕನ ಕಡೆ ನೋಡಿದಳು. ಕೆಟ್ಟವಳಲ್ಲ ವೈನಿ, ನಿಜವಾಗಿ ಹೆದರಿದ್ದಳು. ಹೆದರಿಕೆಯ ಮುಂದೆ ಅವ್ವನ ನೇಮ ನಡೆಯಲಿಲ್ಲ. ಅಕ್ಕ ಬಟನ್ ಒತ್ತಿದಳು. ಖೋಲಿ ತುಂಬ ಹಾಲಿನಂಥ ಬೆಳಕು ಬಿತ್ತು. ಅವ್ವ, ಅಣ್ಣ, ವೈನಿ ಮೂವರೂ ದೀಪಕ್ಕೆ ಕೈಮುಗಿದರು. ನಾನು ಮುಗಿಯಲಿಲ್ಲ.

ಚಹಾ ಕುಡಿಯುತ್ತ ಅಣ್ಣ ಟಿಕೀಟಿನ ಮಾತು ಎತ್ತಿದ. ಅದಕ್ಕಾಗಿ ನಾಳೆ ಬೋರಿಬಂದರ್ ಸ್ಟೇಶನ್ನಿಗೆ ಹೋಗಬೇಕೋ ಬೇಡವೋ ಎಂದು ಕೇಳಿದ. ನಾನು ಕಪ್ಪು ಬಶಿ ಕೆಳಗಿಟ್ಟೆ. ಈಗ ಅವ್ವ ಏನಾದರೂ ಅಂದರೆ ಸಾಲಿನ ಜನರನ್ನೆಲ್ಲ ಮತ್ತೆ ಬಾಗಿಲಿಗೆ ಕರೆಯುವುದೆಂದು ಗಟ್ಟಿ ಮಾಡಿಕೊಂಡಿದ್ದೆ.

ಅವ್ವ ತಲೆಯೆತ್ತಿ ಹೊಸ ದೀಪ ನೋಡಿದಳು. "ಬ್ಯಾಡ ಬಿಡು," ಎಂದಳು. "ನಾಳೆ ಮತ್ತ ಏನರ ಕೆಟ್ರ ಹತ್ತಾವರು ಯಾರು? ನೀ ಅಂತೂ ಹತ್ತಂಗಿಲ್ಲ. ಬಾಣಂತಿನ್ನ ಹತ್ತಸಾಕ ಬರಂಗಿಲ್ಲ. ಇಕಿ ಲಗ್ನಾಗಿ ಹೋಗಾಕಿ. ಇಂಥಾದ್ದಕ್ಕ ಮನ್ಯಾಗ ಒಬ್ಬರು ಇರಬೇಕು."

ಕೇಳಿದಿರಲ್ಲ. ತಪ್ಪು ವೈರಿನದು ಎಂದು ತಿಳಿದದ್ದಕ್ಕಲ್ಲ, ಆಡಿದ ಮಾತು ಚುಚ್ಚಿದ್ದಕ್ಕಲ್ಲ. ಹೋದರೆ ಹೋಗಲಿ ಎನ್ನುವಂಥ ಜೀವ ಮನೆಗೊಂದು ಬೇಕು, ಆದ್ದರಿಂದ ಅಕ್ಕ ಇರಲಿ. ನನ್ನ ಕಿವಿಯೊಳಗೆ ಕಾದ ಎಣ್ಣೆ ಹೊಯ್ದಂತಾಯಿತು. ಎದ್ದು ನಿಂತೆ. ಆ ಹೆಂಗಸಿಗೆ ಹುಟ್ಟಿದ್ದಕ್ಕೆ ನಾಚಿಕೆಯಾಗುತ್ತದೆ ಎಂದು ಮುಖದ ಮೇಲೆ ಹೇಳುವವಳಿದ್ದೆ.

ಅಷ್ಟರಲ್ಲಿ ಮೋರಿಯಲ್ಲಿ ಕಪ್ಪು ತೊಳೆಯುತ್ತಿದ್ದ ಅಕ್ಕ ಎದ್ದು ಬಂದು ನನ್ನ ತೋಳು ಹಿಡಿದಳು. ಒದ್ದೆ ಕೈ, ಸುಟ್ಟ ಬೆರಳು. ಮುಖ ಅರಳಿತ್ತು. ಊರಿನಿಂದ ಬಂದ ಮೇಲೆ ಆ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ಕಂಡಿರಲಿಲ್ಲ.

"ಕೇಳಿದಿ ಇಲ್ಲೋ ತಂಗಿ?" ಎಂದು ಪಿಸುಗುಟ್ಟಿದಳು. "ಇರಲಿ ಅಂದ್ಲು ಅವ್ವ."

ಹೂಂ, ಕೇಳಿದೆ ಎಂದೆ. ಅವ್ವನಿಗೆ ಹೇಳಬೇಕೆಂದಿದ್ದ ಮಾತನ್ನು ಆಮೇಲೆ ಯಾವತ್ತೂ ಹೇಳಲಾಗಲಿಲ್ಲ.